ಬಾಯಾರಿದ ಉಂಡೆಗಳು

ಅಮ್ಮ ತಲೆಗೆ ಕಟ್ಟುವ ಬಟ್ಟೆಯನ್ನು ಮತ್ತೊಮ್ಮೆ ಬಕೆಟ್ಟಿನಲ್ಲಿ ಅದ್ದಿ ಹಿಂಡಿದಳು. ನೀರು ಇನ್ನೂ ಬೂದಿಯ ಬಣ್ಣಕ್ಕೇ ಬರುತ್ತಿತ್ತು. ಇನ್ನೊಂದು ಸಲ ಜಾಲಿಸೋಣವೆಂದು ಮಗ್ಗು ಎತ್ತಿಕೊಂಡಾಗ ಹಿತ್ತಲಿನ ಮೂಲೆಯಿಂದ ದಬ್ ಎಂದು ಏನೋ ಬಿದ್ದ ಸದ್ದಾಯಿತು.

"ಏನಾಯ್ತೇ ಕಡ್ಡಿ?"

ಕಡ್ಡಿ ಅವಳ ಮಗಳು, ಐದನೇ ಕ್ಲಾಸು. ತೆಳ್ಳಗಿದ್ದಾಳೆಂದು ಅಜ್ಜಿ ಇಟ್ಟ ಅಡ್ಡಹೆಸರು ಹೇಗೋ ಶಾಲೆಯವರೆಗೂ ನಡೆದುಹೋಗಿತ್ತು.

ಕಡ್ಡಿ ಕುಕ್ಕರಗಾಲಲ್ಲಿ ಕೂತಿದ್ದಳು. ಮುಂದೆ ಅವಳು ಅಚ್ಚಿನಿಂದ ಆಗಷ್ಟೇ ಬಿಡಿಸಿದ್ದ ಕಾಂಕ್ರೀಟ್ ಹಲಗೆ ಮೂರು ತುಂಡಾಗಿ ಬಿದ್ದಿತ್ತು. ಒಂದು ತುಂಡನ್ನು ಬೆರಳಲ್ಲಿ ಒತ್ತಿದಳು. ಸಿಮೆಂಟು ಬಿಸ್ಕತ್ತಿನ ಹಾಗೆ ಪುಡಿಯಾಯಿತು. ಒಳಗಿದ್ದ ಬೂದುಬಣ್ಣದ ಉಂಡೆಗಳು ಒಂದೊಂದಾಗಿ ಉದುರಿದವು. ಅವು ಕೂತಿದ್ದ ಜಾಗದಲ್ಲಿ ಪುಟ್ಟ ಪುಟ್ಟ ಗುಳಿಗಳು ಉಳಿದವು.

ಆ ಉಂಡೆಗಳು ಅಮ್ಮನ ಕೈಯವು. ಊರಾಚೆಯ ದೊಡ್ಡ ಸ್ಥಾವರದಲ್ಲಿ ಕರೆಂಟು ತಯಾರಿಸಲು ಕಲ್ಲಿದ್ದಲು ಉರಿಸುತ್ತಾರೆ. ಉಳಿದ ಬೂದಿ ಲಾರಿಗಟ್ಟಲೆ ಅಮ್ಮನ ಶೆಡ್ಡಿಗೆ ಬರುತ್ತದೆ. ಅಲ್ಲಿ ಓರೆಯಾಗಿ ನಿಂತು ತಿರುಗುವ ಭಾರಿ ತಟ್ಟೆಯೊಂದಿದೆ. ಬೂದಿಗೆ ಸ್ವಲ್ಪ ಸಿಮೆಂಟು ಬೆರೆಸಿ ಅದರ ಮೇಲೆ ಸುರಿಯುತ್ತಾರೆ. ಅಮ್ಮ ಪೈಪಿನಿಂದ ಹನಿಹನಿಯಾಗಿ ನೀರು ಚಿಮುಕಿಸುತ್ತಾಳೆ. ಬೂದಿ ಉರುಳುತ್ತ ಉರುಳುತ್ತ ಮೊದಲು ಸಾಸಿವೆಯಷ್ಟು, ಆಮೇಲೆ ಕಡಲೆಯಷ್ಟು, ಕೊನೆಗೆ ಗೋಲಿಯಷ್ಟು ದಪ್ಪಗಾಗುತ್ತದೆ. ಈ ಉಂಡೆಗಳನ್ನು ಒದ್ದೆ ಗೋಣಿಯ ಕೆಳಗೆ ಇಟ್ಟರೆ ಗಟ್ಟಿಯಾಗುತ್ತವೆ. ಬೆಟ್ಟ ಒಡೆದು ತಂದ ಜಲ್ಲಿಯ ಬದಲು ಕಾಂಕ್ರೀಟಿಗೆ ಹಾಕಲು ಜನ ಇವನ್ನು ಒಯ್ಯುತ್ತಾರೆ.

ಇದನ್ನೇ ಕಡ್ಡಿ ಕ್ಲಾಸಿನಲ್ಲಿ ಹೇಳಿದ್ದಳು. ಹಿಂದಿನ ಬೆಂಚಿನ ಉದ್ದನೆಯ ಹುಡುಗ, ಎಲ್ಲರೂ ಒಂಟೆ ಎನ್ನುವವನು, ಎದ್ದು ನಿಂತಿದ್ದ.

"ಬೂದೀಲಿ ಪಾತ್ರೆ ತಿಕ್ಕಬಹುದು. ಮನೆ ಕಟ್ಟಿದ್ರೆ, ಒಳಗೆ ಯಾರಾದ್ರೂ ಸೀನಿದ್ರೂ ಗೋಡೆ ಹಾರಿಹೋಗುತ್ತೆ."

ಇಡೀ ಕ್ಲಾಸು ನಕ್ಕಿತು. ವಿಜ್ಞಾನದ ಮಿಸ್ ಕೂಡ ತುಟಿ ಕಚ್ಚಿ ನಗು ತಡೆದುಕೊಂಡರು. ಕಡ್ಡಿಗೆ ಕಿವಿಯೆಲ್ಲ ಬಿಸಿಯಾಯಿತು. ಸೈನ್ಸ್ ಎಕ್ಸಿಬಿಷನ್ ದಿನ ಬೂದಿ ಉಂಡೆಯ ಹಲಗೆ ತರುತ್ತೇನೆ, ಎರಡು ಇಟ್ಟಿಗೆಯ ಮೇಲೆ ಇಡುತ್ತೇನೆ, ತಾಕತ್ತಿದ್ದರೆ ನೀನೇ ಹತ್ತಿ ಒಡೆದು ತೋರಿಸು ಅಂದುಬಿಟ್ಟಳು.

ಈಗ ನೋಡಿದರೆ ಯಾರೂ ಹತ್ತುವ ಮೊದಲೇ ಹಲಗೆ ಒಡೆದಿತ್ತು.

"ಉಂಡೇನೇ ಸರಿ ಇಲ್ವಾ ಅಮ್ಮಾ?"

ಅಮ್ಮನ ಮುಖ ಸಣ್ಣದಾಯಿತು. ಒಂದು ಉಂಡೆಯನ್ನು ಹಲ್ಲಿನ ನಡುವೆ ಇಟ್ಟು ಕಚ್ಚಿ ನೋಡಿದಳು. ಅದು ಒಡೆಯಲಿಲ್ಲ. "ಉಂಡೆ ಗಟ್ಟಿ ಇದೆ. ಕಾಂಕ್ರೀಟು ಮಾತ್ರ ನಂಗೆ ಗೊತ್ತಿಲ್ಲ ಕಣೇ. ಲಾರಿ ಹತ್ತಿಸಿದ ಮೇಲೆ ಇವು ಎಲ್ಲಿಗೆ ಹೋಗ್ತವೋ, ಏನಾಗ್ತವೋ, ಒಂದು ದಿನಾನೂ ನೋಡಿಲ್ಲ."

ಬಾಗಿಲಲ್ಲಿ ಕೂತಿದ್ದ ಅಜ್ಜಿ, ಅಂಗಡಿಯಿಂದ ಒಂದು ಚಂದದ ಚಾರ್ಟು ತಂದು ಅಂಟಿಸಿದರೆ ಆಗದೇ ಎಂದು ಕೇಳಿದರು. ಕಡ್ಡಿ ಆಗಲ್ಲ ಎಂದು ತಲೆಯಾಡಿಸಿದಳು. ಇವಳು ಬೂದಿ ಮುಚ್ಚಿದ ಕೆಂಡ, ಊದೋಕೆ ಹೋಗಬಾರದು ಎಂದು ಅಜ್ಜಿ ಸುಮ್ಮನಾದರು.

ಎಕ್ಸಿಬಿಷನ್ನಿಗೆ ಇನ್ನೂ ಒಂದು ವಾರಕ್ಕಿಂತ ಸ್ವಲ್ಪ ಹೆಚ್ಚು ಸಮಯವಿತ್ತು. ಶೆಡ್ಡಿನ ಮೇಸ್ತ್ರಿಯನ್ನು ಕೇಳಿ ಅಮ್ಮ ತಂದಿದ್ದ ಉಂಡೆಗಳು ಚೀಲದಲ್ಲಿ ಅರ್ಧಕ್ಕೂ ಹೆಚ್ಚು ಉಳಿದಿದ್ದವು. ಧೂಳು ಅಂಟಿದ್ದರಿಂದ ಸಿಮೆಂಟು ಹಿಡಿಯಲಿಲ್ಲವೇನೋ ಎಂದುಕೊಂಡು ಕಡ್ಡಿ ಅವುಗಳಲ್ಲಿ ಒಂದಷ್ಟನ್ನು ತೊಳೆಯಲು ಬಕೆಟ್ಟಿಗೆ ಸುರಿದಳು.

ಚಿಟಚಿಟ ಎಂದು ಬಲು ಸಣ್ಣ ಸದ್ದು ಕೇಳಿಸಿತು. ಕಡ್ಡಿ ಬಗ್ಗಿದಳು. ಒಂದೊಂದು ಉಂಡೆಯಿಂದಲೂ ದಾರದಂತೆ ಗುಳ್ಳೆಗಳು ಮೇಲೇಳುತ್ತಿದ್ದವು. ಮಗ್ಗು ಮುಳುಗಿಸಿದಾಗ ಏಳುವ ಗುಳ್ಳೆಗಳ ಹಾಗೆ. ಮಗ್ಗಿನೊಳಕ್ಕೆ ನೀರು ನುಗ್ಗಿದಾಗಲೇ ಅಲ್ಲವೇ ಗಾಳಿ ಹೊರಗೆ ಬರುವುದು?

"ಅಮ್ಮಾ, ಬೇಗ ಬಾ. ಇವು ನೀರು ಕುಡೀತಿವೆ."

ಅಮ್ಮ ಒದ್ದೆ ಕೈಯಲ್ಲೇ ಬಂದು ನೋಡಿದಳು. ಗುಳ್ಳೆ ನಿಲ್ಲುವಂತೆ ಕಾಣಲಿಲ್ಲ.

ಸಿಮೆಂಟು ಗಟ್ಟಿಯಾಗಲು ನೀರು ಬೇಕೆಂಬುದು ಇಬ್ಬರಿಗೂ ಗೊತ್ತಿತ್ತು. ಒಣ ಉಂಡೆಗಳು ಆ ನೀರನ್ನೆಲ್ಲ ಹೀರಿಕೊಂಡರೆ ಸಿಮೆಂಟಿಗೆ ಉಳಿಯುವುದೇನು? ಕಡ್ಡಿ ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಅಮ್ಮ ಪಕ್ಕದ ಕಲ್ಲಿನ ಮೇಲೆ ಮೆಲ್ಲನೆ ಕೂತಳು.

"ಲೋಡ್ ಮಾಡೋ ಹಿಂದಿನ ದಿನ ಉಂಡೆ ರಾಶಿಗೆ ನೀರು ಬಿಡಿಸ್ತಾರೆ ಕಣೇ. ದಿನಪೂರ್ತಿ. ನಾನೇ ಪೈಪ್ ಹಿಡಿದು ನಿಂತಿರ್ತೀನಿ. ಧೂಳು ಏಳಬಾರದು ಅಂತ ಅಂದ್ಕೊಂಡಿದ್ದೆ." ಸ್ವಲ್ಪ ಹೊತ್ತು ಬಕೆಟ್ಟನ್ನೇ ನೋಡಿದಳು. "ಇಷ್ಟು ವರ್ಷ ಹಾಗೇ ಅಂದ್ಕೊಂಡಿದ್ದೆ."

ಉಂಡೆಗಳು ರಾತ್ರಿಯೆಲ್ಲ ನೆನೆದವು. ಬೆಳಿಗ್ಗೆ ಕಡ್ಡಿ ಅವನ್ನು ಬಟ್ಟೆಯಲ್ಲಿ ಒರೆಸಿ, ಮರಳು, ಸಿಮೆಂಟಿನೊಂದಿಗೆ ಕಲಸಿದಳು. ಕೈಗವಸು ಹಾಕಿಕೊಂಡು ಕಲಸಬೇಕೆಂದು ಅಮ್ಮ ಹಟ ಹಿಡಿದಳು. ನಾನೇ ಕಲಸಿಕೊಡಲೇ ಎಂದೂ ಎರಡು ಸಲ ಕೇಳಿದಳು. ಕಡ್ಡಿ ಬಿಡಲಿಲ್ಲ. ಅಮ್ಮ ಕೈ ಕಟ್ಟಿಕೊಂಡು ನಿಂತಳು, ಬೆರಳುಗಳು ಮಾತ್ರ ತಾವೇ ಕಲಸುವಂತೆ ಆಡುತ್ತಿದ್ದವು.

ಮರುದಿನ ಅಚ್ಚು ಬಿಡಿಸಿದಾಗ ಹಲಗೆ ಒಂದೇ ತುಂಡಾಗಿ ಹೊರಬಂತು. ಕಡ್ಡಿ ಅದಕ್ಕೆ ಗೋಣಿ ಹೊದಿಸಿದಳು. ಶಾಲೆಗೆ ಹೋಗುವಾಗ ಒಮ್ಮೆ, ಬಂದ ಕೂಡಲೇ ಒಮ್ಮೆ, ಮಲಗುವಾಗ ಒಮ್ಮೆ ನೀರು ಸುರಿದಳು.

"ನಂಗೆ ಒಂದು ಲೋಟ ನೀರು ಕೇಳಿದ್ರೆ ಹೋಂವರ್ಕ್ ಇದೆ ಅಂತಾಳೆ," ಎಂದರು ಅಜ್ಜಿ.

ಎಕ್ಸಿಬಿಷನ್ ದಿನ ಹಲಗೆ ಎರಡು ಇಟ್ಟಿಗೆಗಳ ಮೇಲೆ ಕೂತಿತು. ಒಂಟೆ ಶೂ ಬಿಚ್ಚದೇ ಹತ್ತಿದ. ಹಲಗೆ ಜಪ್ಪಯ್ಯ ಅನ್ನಲಿಲ್ಲ. ಒಂಟೆ ಒಂದು ಸಲ ಹಾರಿದ. ಆಮೇಲೆ ಗೆಳೆಯನನ್ನು ಬೆನ್ನ ಮೇಲೆ ಹತ್ತಿಸಿಕೊಂಡು ನಿಂತ. ಸುತ್ತ ಗುಂಪು ಕಟ್ಟಿತು. ಯಾರೋ ಜೋರಾಗಿ ಸೀನಿದಂತೆ ನಟಿಸಿದರು. ಈ ಸಲ ಎಲ್ಲರೂ ನಕ್ಕಿದ್ದು ಒಂಟೆಯನ್ನು ನೋಡಿ. ಅವನೂ ನಕ್ಕ.

ಅಷ್ಟರಲ್ಲಿ ಪಿ.ಟಿ. ಸರ್ ಬಂದರು. ನನ್ನನ್ನೂ ತಡೆಯುತ್ತದೆಯೇ ಎಂದು ವಿಸಿಲ್ಲನ್ನು ಜೇಬಿಗೆ ಹಾಕಿಕೊಂಡು ಹತ್ತಿ ನಿಂತರು. ತಡೆಯಿತು. ಖುಷಿಯಲ್ಲಿ ಒಂದು ಸಲ ಕುಪ್ಪಳಿಸಿದರು.

ಟಪ್.

ಸರ್ ನೆಲದ ಮೇಲಿದ್ದರು. ಅವರ ಎರಡು ಕಾಲುಗಳ ನಡುವೆ ಹಲಗೆ ಎರಡು ತುಂಡಾಗಿತ್ತು. ಅಯ್ಯೋ ಎಂದು ಗುಂಪು ಉಸಿರುಬಿಟ್ಟಿತು.

"ತಪ್ಪು ನಿನ್ನ ಹಲಗೇದಲ್ಲ ಮರಿ," ಎಂದರು ಸರ್, ಹೊಟ್ಟೆ ಸವರಿಕೊಳ್ಳುತ್ತ. "ನನ್ನ ಬೆಳಗಿನ ತಿಂಡೀದು."

ಕಡ್ಡಿಗೆ ಅದು ಅರ್ಧ ಮಾತ್ರ ಕೇಳಿಸಿತು. ಅವಳಾಗಲೇ ಮಂಡಿಯೂರಿ ಒಡೆದ ಅಂಚನ್ನು ನೋಡುತ್ತಿದ್ದಳು. ಒಂದು ಉಂಡೆಯೂ ಉದುರಿರಲಿಲ್ಲ. ಒಂದು ಗುಳಿಯೂ ಇರಲಿಲ್ಲ. ಬಿರುಕು ಉಂಡೆಗಳ ನಡುಮಧ್ಯದಲ್ಲೇ ಹಾದುಹೋಗಿತ್ತು. ಅರ್ಧ ಉಂಡೆ ಈ ತುಂಡಿನಲ್ಲಿ, ಇನ್ನರ್ಧ ಆ ತುಂಡಿನಲ್ಲಿ. ಉಂಡೆ ಸೀಳಿದರೂ ಸಿಮೆಂಟು ಕೈಬಿಟ್ಟಿರಲಿಲ್ಲ.

ಒಂದು ತುಂಡನ್ನು ಒಂಟೆ ಅವಳ ಮನೆ ತಿರುವಿನವರೆಗೂ ಹೊತ್ತು ತಂದುಕೊಟ್ಟ.

ಸಂಜೆ ಅಮ್ಮ ಬಂದವಳೇ ತಲೆಬಟ್ಟೆಯನ್ನೂ ಬಿಚ್ಚದೆ ಕೇಳಿದಳು. "ನಿಂತಿತಾ?"

"ನಿಂತಿತು. ಪಿ.ಟಿ. ಸರ್ ಕುಪ್ಪಳಿಸೋವರೆಗೂ."

ಕಡ್ಡಿ ತುಂಡನ್ನು ಕೈಗೆ ಕೊಟ್ಟಳು. ಸೀಳಿಹೋಗಿದ್ದ ಒಂದೊಂದು ಉಂಡೆಯ ಮೇಲೂ ಅಮ್ಮ ಹೆಬ್ಬೆರಳು ಆಡಿಸಿದಳು. ಕಾಂಕ್ರೀಟಿನೊಳಗೆ ಕೂತ ತನ್ನ ಉಂಡೆಯನ್ನು ಅವಳು ನೋಡುತ್ತಿದ್ದುದು ಇದೇ ಮೊದಲು. ಕೈ ತೊಳೆಯುವುದನ್ನೂ ಮರೆತು ಅದನ್ನು ಕಿಟಕಿಯಲ್ಲಿ, ಬೆಳಕು ಬೀಳುವ ಕಡೆ, ನಿಲ್ಲಿಸಿದಳು.

"ಅಮ್ಮಾ, ಗೋಣಿ ಕೆಳಗೆ ಇನ್ನೂ ಜಾಸ್ತಿ ದಿನ ಇಟ್ರೆ ಉಂಡೆ ಇನ್ನೂ ಗಟ್ಟಿ ಆಗುತ್ತಾ?"

"ಆಗುತ್ತೆ. ಯಾಕೆ?"

"ಸುಮ್ನೆ ಕೇಳಿದೆ."

ಅಮ್ಮ ಒಳಗೆ ಹೋದ ಮೇಲೆ ಕಡ್ಡಿ ಹಿತ್ತಲಿಗೆ ಬಂದಳು. ಇನ್ನೊಂದು ಹಲಗೆಗೆಂದು ಚೀಲದಲ್ಲಿ ಉಳಿದಿದ್ದ ಉಂಡೆಗಳನ್ನೆಲ್ಲ ಮೂಲೆಯ ನೆರಳಿನಲ್ಲಿ ಸುರಿದು, ಗೋಣಿ ಹೊದಿಸಿದಳು. ಮೇಲೆ ಒಂದು ಮಗ್ಗು ನೀರು ಹಾಕಿದಳು.

"ಎಕ್ಸಿಬಿಷನ್ ಮುಗೀತಲ್ಲೇ, ಇನ್ಯಾರಿಗೇ ನೀರು?" ಬಾಗಿಲಿನಿಂದ ಅಜ್ಜಿ ಕೇಳಿದರು.

ಕಡ್ಡಿ ಒಂದು ಲೋಟದಲ್ಲಿ ಅಜ್ಜಿಗೆ ನೀರು ತಂದುಕೊಟ್ಟಳು. ಅವರು ಕುಡಿಯುತ್ತಿರುವಾಗ ಇನ್ನೊಂದು ಮಗ್ಗು ತುಂಬಿಕೊಂಡು ಮೂಲೆಗೆ ಹೋದಳು. ಚಿಟಚಿಟ ಸದ್ದು ಕೇಳುತ್ತದೆಯೇ ಎಂದು ಗೋಣಿಗೆ ಕಿವಿಗೊಟ್ಟು ಕೂತಳು.