ಎಣ್ಣಿ ಹೊಡೀಲೇನ್ರಿ?

"ಅಮಿತಾ ಅವ್ರ, ನಾಳಿ ಮುಂಜಾನಿ ಎಣ್ಣಿ ಹೊಡೀಲೇನ್ರಿ?"

ಮಾಜಿವಾಡಾದ ನರ್ಸರಿಯಲ್ಲಿ ಗುಲಾಬಿ ಕುಂಡಗಳ ನಡುವೆ ನಿಂತು ಅನಿಲಕುಮಾರ ಕೇಳಿದಾಗ ಅಮಿತಾಗೆ ನಗು ತಡೆಯಲಾಗಲಿಲ್ಲ. ರಾಯಚೂರಿನಿಂದ ಬಂದು ಈ ಮರಾಠಿ ಊರಿನಲ್ಲಿ ಮಾಲಿಯಾಗಿದ್ದ ಈ ಹುಡುಗ ಎಲ್ಲವನ್ನೂ ಹೊಡೆಯುವವನೇ. ಫೋನ್ ಹೊಡೆಯುತ್ತಾನೆ, ನಿದ್ದೆ ಹೊಡೆಯುತ್ತಾನೆ, ಈಗ ಎಣ್ಣೆ.

"ಹೊಡೀರಿ ಮಾರಾಯ್ರೆ. ನನ್ನನ್ನೊಂದು ಬಿಟ್ಟು ಎಲ್ಲ ಹೊಡೀರಿ."

"ನಿಮ್ಮನ್ನ ಹೊಡಿಯಾಕ ಕೈ ಬರಬೇಕಲ್ರಿ." ಅವನು ಕಣ್ಣು ತಗ್ಗಿಸಿದ. ತಗ್ಗಿದ ಕಣ್ಣು ಮತ್ತೆ ಮೇಲೆ ಬಂದು ಅವಳ ಮೂಗುತಿಯ ಹತ್ತಿರ ಸ್ವಲ್ಪ ಹೊತ್ತು ನಿಂತಿತು. "ಪೆಟ್ಟಿಗಿ ಕಡೀನೂ?"

"ಅಲ್ಲಿಗೇ ಮೊದಲು ಬೇಕಾದ್ದು."

ಪೆಟ್ಟಿಗೆ ಎಂದರೆ ಅವಳ ಜೇನುಪೆಟ್ಟಿಗೆಗಳು. ನರ್ಸರಿಯ ಮಾಲೀಕ ಮುರಾರಿ ಸೇಠರನ್ನು ಕಾಡಿ ಬೇಡಿ ಬೇಲಿಯ ಮೂಲೆಯಲ್ಲಿ ಜಾಗ ಪಡೆದಿದ್ದಳು. ಹೈವೇಯ ಹೊಗೆ, ಟವರು ಕಟ್ಟುವವರ ಧೂಳು, ನರ್ಸರಿ ಬಿಟ್ಟರೆ ಸುತ್ತ ಎಲ್ಲೂ ಹೂವಿಲ್ಲ. ಹುಳುಗಳು ಮೊದಲೇ ಸೊರಗಿದ್ದವು. ಇರುವೆ ಹತ್ತಬಾರದೆಂದು ಸ್ಟ್ಯಾಂಡಿನ ಕಾಲುಗಳ ಕೆಳಗೆ ಅವಳು ಇಟ್ಟಿದ್ದ ಎಣ್ಣೆಯ ಬಟ್ಟಲುಗಳೂ ಒಣಗಿದ್ದವು. ಅದನ್ನು ಅವನು ಗಮನಿಸಿದನಲ್ಲ ಎಂದು ಅವಳ ಜೀವ ಹಿಗ್ಗಿತು.

ಆ ಹಿಗ್ಗಿನಲ್ಲೇ ಸಂಜೆ ಅಮ್ಮನ ಮುಂದೆ ಅವನ ವಿಷಯ ಬಾಯಿಬಿಟ್ಟಳು.

"ಘಟ್ಟದ ಮೇಲಿನವನಾ?" ಜಯಲತಾ ದೋಸೆ ಕಾವಲಿಯಿಂದ ಮುಖ ಎತ್ತಲಿಲ್ಲ. "ಅವರ ಮಾತೇ ನಮಗೆ ಅರ್ಥ ಆಗುದಿಲ್ಲ."

"ನನಗೆ ಆಗ್ತದೆ. ಅವರದ್ದೂ ಕನ್ನಡವೇ ಅಲ್ವಾ? ಮೊದಲ ಜೇನು ಅವರ ಕೈಯಲ್ಲೇ ಕಳಿಸ್ತೇನೆ. ತಿಂದು ಮತ್ತೆ ಹೇಳು."

"ನೋಡುವ," ಎಂದರು ಅಮ್ಮ. ಅವರ ಬಾಯಲ್ಲಿ ಅದು ಅರ್ಧ ಒಪ್ಪಿಗೆ.

ಮರುದಿನ ಅವಳು ಬರುವಷ್ಟರಲ್ಲಿ ಬೇಲಿಯ ಮೂಲೆಯ ನೆಲವೆಲ್ಲ ಬಿದ್ದ ಜೇನುಹುಳುಗಳಿಂದ ಕಂದುಬಣ್ಣಕ್ಕೆ ತಿರುಗಿತ್ತು. ಹುಳುಗಳು ಬೆನ್ನ ಮೇಲೆ ಬಿದ್ದು ಗಿರಗಿರ ಸುತ್ತುತ್ತಿದ್ದವು. ಸತ್ತವುಗಳ ನಾಲಿಗೆ ಹೊರಚಾಚಿತ್ತು. ಸ್ಪ್ರೇ ಪಂಪು ಬೆನ್ನಿಗೆ ಕಟ್ಟಿಕೊಂಡೇ ಅನಿಲ ಮಂಡಿಯೂರಿ ಅವನ್ನು ಎಲೆಯ ಮೇಲೆ ಎತ್ತಿಡುತ್ತಿದ್ದ.

"ನೀವ ಹೊಡೀರಿ ಅಂದ್ರಿ," ಎಂದ. "ಪೆಟ್ಟಿಗಿ ಬಾಯಿ ಮುಚ್ಚಿರ್ತೀರಿ ಅನ್ಕೊಂಡೆ. ಗುಲಾಬಿಗಿ ಹುಳಾ ಬಿದ್ದಿತ್ತು. ನಮ್ ಕಡಿ ಹತ್ತಿಗಿ ಹೊಡಿಯೋದು ಎಣ್ಣಿನೇ ಅಲ್ಲೇನ್ರಿ?"

"ನಾವದಕ್ಕೆ ಮದ್ದು ಅಂತೇವೆ."

ಒಬ್ಬರಿಗೆ ಎಣ್ಣೆಯಂತೆ, ಒಬ್ಬರಿಗೆ ಮದ್ದಂತೆ. ವಿಷವನ್ನು ವಿಷ ಎಂದು ಕರೆಯಲು ಎರಡು ಕನ್ನಡಕ್ಕೂ ಬಾಯಿ ಬಂದಿರಲಿಲ್ಲ.

ಅವಳಿಗೆ ಅವನ ಮೇಲೆ ಸಿಟ್ಟಿರಲಿಲ್ಲ. ಇದ್ದರೆ ಎಷ್ಟೋ ವಾಸಿಯಿತ್ತು. ಅವಳ ಕಣ್ಣೊರೆಸಲು ಅವನು ಕೈ ಚಾಚಿದ. ಕೈಯಲ್ಲಿ ಆ ಮದ್ದಿನದೇ ಘಾಟು. ಅವಳಿಗೆ ತಿಳಿಯದೆಯೇ ಅವಳ ಕಾಲು ಹಿಂದೆ ಸರಿಯಿತು. ಅವನು ಅದನ್ನು ನೋಡಿದ.

ಆಮೇಲೆ ಅವನು ಎಷ್ಟು ಸೋಪು ಹಚ್ಚಿ ತೊಳೆದು ಬಂದರೂ ಆ ಕೈ ಹತ್ತಿರ ಬಂದಾಗಲೆಲ್ಲ ಅವಳ ಮೈ ಸೆಟೆಯುತ್ತಿತ್ತು. ಪ್ರೀತಿ ಇತ್ತು. ಮುಟ್ಟಿಸಿಕೊಳ್ಳಲು ಆಗುತ್ತಿರಲಿಲ್ಲ.

ಒಂದು ದಿನ ಬ್ಯಾಗು ಹೆಗಲಿಗೇರಿಸಿ ಬಂದ.

"ಕಳಂಬೋಲಿ ಕಬ್ಬಿಣದ ಮಾರ್ಕೆಟ್ಟಿನ್ಯಾಗ ಲೋಡಿಂಗ್ ಕೆಲಸ ಸಿಕ್ಕೇತ್ರಿ. ಅಲ್ಲಿ ಹೂ ಇಲ್ಲ. ಎಣ್ಣಿ ಹೊಡಿಯೋದಿಲ್ಲ."

ಹೋಗಬೇಡಿ ಎನ್ನಲು ಅವಳು ಬಾಯಿ ತೆರೆದಳು. ಕಣ್ಣು ಅವನ ಕೈಗಳ ಮೇಲೆ ಬಿತ್ತು. ಬಾಯಿ ಮುಚ್ಚಿತು.

"ಬರ್ತೀನ್ರಿ," ಎಂದ.

ಹೋಗುವವರು ಹೇಳುವ ಮಾತು ಅದು. ಅದೊಂದು ಅವಳಿಗೆ ಸರಿಯಾಗಿಯೇ ಅರ್ಥವಾಯಿತು.