ತೂಕ ಏರಿದ ತರಗತಿ

ಶಾಲೆಯ ಕ್ಯಾಂಟೀನ್ ಅಕ್ಕ ಕಣ್ಣೊರೆಸಿಕೊಂಡು ಕುರ್ಚಿಯಲ್ಲಿ ಒರಗಿ ಬಾಯಿ ತೆರೆದಳು. ಡಾಕ್ಟರಮ್ಮ ಪುಟ್ಟ ಕನ್ನಡಿಯನ್ನು ಒಳಗಿಟ್ಟು, ದೀಪವನ್ನು ಹತ್ತಿರಕ್ಕೆಳೆದು, ಮೇಲಿನ ಸಾಲು ಕೆಳಗಿನ ಸಾಲು ಎರಡನ್ನೂ ನೋಡಿದರು.

"ಹಿಂದಿನ ದವಡೆ ಹಲ್ಲೊಂದು ಹುಳುಕಾಗಿದೆ. ಆದ್ರೆ ಇದು ಇಷ್ಟು ಅಳಿಸೋ ಹುಳುಕಲ್ಲ. ನಿಜವಾಗಿ ನೋವು ಎಲ್ಲಿ?"

"ಹೊಟ್ಟೆಪಾಡಿಗೇ ಕಲ್ಲು ಬಿತ್ತು, ಡಾಕ್ಟರಮ್ಮ," ಎಂದು ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಪಕ್ಕದಲ್ಲಿ ನಿಂತಿದ್ದ ಮೌನಿ ನೀರಿನ ಲೋಟ ಮುಂದೆ ಚಾಚಿದಳು. ಅವಳು ಆ ದವಾಖಾನೆಯ ಸಹಾಯಕಿ. ಮಾತು ಕಡಿಮೆಯೆಂದು ಡಾಕ್ಟರಮ್ಮ ಇಟ್ಟ ಹೆಸರು ಈಗ ಬೀದಿಗೆಲ್ಲ ರೂಢಿಯಾಗಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲೇ ಅವಳಿಗೊಂದು ಸಂಗತಿ ತಿಳಿದಿತ್ತು: ಈ ಕುರ್ಚಿಗೆ ಬರುವವರೆಲ್ಲ ಹಲ್ಲುನೋವಿನವರಲ್ಲ. ಕಳೆದ ಸರ, ಕಳ್ಳ ಸಹಿ, ಕಾಣೆಯಾದ ಅಳಿಯ, ಇಂಥವನ್ನು ಹೊತ್ತು ಬಂದವರೂ ಇಲ್ಲಿ ಬಾಯಿ ತೆರೆದಿದ್ದರು. "ಪೊಲೀಸರು ಬಾಯಿ ಬಿಡಿಸೋಕೆ ಒದ್ದಾಡ್ತಾರೆ. ನನ್ನ ಹತ್ರ ತಾವಾಗೇ ತೆಗೀತಾರೆ," ಎಂದು ಡಾಕ್ಟರಮ್ಮ ನಗುತ್ತಿದ್ದರು.

ಅಕ್ಕ ಹೇಳಿದ್ದು ಇಷ್ಟು. ಶಾಲೆಯ ಐದನೇ ತರಗತಿಯ ಮಕ್ಕಳ ಹಲ್ಲು ಮತ್ತು ತೂಕವನ್ನು ಮೂರನೇ ತರಗತಿಯಿಂದಲೂ ಪರೀಕ್ಷಿಸಿ ಗಮನಿಸುತ್ತ ಬಂದಿದ್ದರು. ಹಲ್ಲು ನೋಡುವವರು ಇದೇ ಡಾಕ್ಟರಮ್ಮ, ತೂಕ ಹಾಕುವವರು ಆಟದ ಮೇಷ್ಟ್ರು. ಈ ವಾರದ ಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಇಡೀ ತರಗತಿಯ ತೂಕ ಇದ್ದಕ್ಕಿದ್ದಂತೆ ಮೇಲೇರಿತ್ತು. ಹಿಂದಿನ ಪರೀಕ್ಷೆಯಾದ ಮೇಲೆ ಶುರುವಾದ ಅಕ್ಕನ ಬನ್ನು ಬಿಸ್ಕತ್ತುಗಳೇ ಇದಕ್ಕೆ ಕಾರಣವೆಂದು ಹೆಡ್‌ಮೇಡಂ ತೀರ್ಮಾನಿಸಿದ್ದರು. ಸೋಮವಾರದಿಂದ ಕ್ಯಾಂಟೀನ್ ಬಂದ್.

"ಗಂಡ ಹಾಸಿಗೆ ಹಿಡಿದ ಮೇಲೆ ನಂಗಿರೋದು ಅದೊಂದೇ. ಎಣ್ಣೇಲಿ ಕರಿದಿದ್ದು ಮಾರಲ್ಲ, ಬಣ್ಣದ ನೀರು ಮಾರಲ್ಲ. ಒಬ್ಬರಿಗೆ ಒಂದೇ ಬನ್ನು. ಗುಂಡು ಒಬ್ನಿಗೆ ಮಾತ್ರ ಎರಡು ಕೊಡ್ತೀನಿ, ಅಳುಮೋರೆ ಮಾಡ್ತಾನೆ ಅಂತ."

"ಗುಂಡು ಅಂದ್ರೆ, ಆ ದಪ್ಪ ಹುಡುಗ?"

"ಅವನೇ. ವಿಚಿತ್ರ ಏನ್ ಗೊತ್ತಾ? ಎಲ್ಲರ ತೂಕ ಏರಿದೆ, ಅವನದು ಮಾತ್ರ ಏರಿಲ್ವಂತೆ!"

ಡಾಕ್ಟರಮ್ಮ ಕೈಗವಸು ಕಳಚುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿದರು. "ಇದನ್ನ ನೀನು ಮೊದಲೇ ಹೇಳ್ಬೇಕಿತ್ತಲ್ಲವ್ವಾ," ಎಂದರು.

ಮರುದಿನ ಬೆಳಗ್ಗೆ ಇಬ್ಬರೂ ಶಾಲೆಗೆ ಹೋದರು. ಹಲ್ಲಿನ ಅಚ್ಚು ತೆಗೆಯುವ ಬಿಳಿ ಪುಡಿಯ ಪೊಟ್ಟಣಗಳನ್ನು ಡಾಕ್ಟರಮ್ಮ ಮೌನಿಯ ಚೀಲಕ್ಕೆ ತುಂಬಿಸಿದ್ದರು. ಆ ಭಾರಕ್ಕೆ ಮೌನಿಯ ಹೆಗಲು ಇಳಿಬಿದ್ದಿತ್ತು.

ಸಭಾಂಗಣದ ಮೂಲೆಯಲ್ಲಿ ತೂಕದ ಯಂತ್ರವಿತ್ತು. ಕೆಳಗೆ ಗಟ್ಟಿ ನೆಲ, ಮುಳ್ಳು ಸೊನ್ನೆಯಲ್ಲಿ. ಡಾಕ್ಟರಮ್ಮ ಪೊಟ್ಟಣಗಳನ್ನು ಒಂದೊಂದಾಗಿ ಯಂತ್ರದ ಮೇಲಿಟ್ಟರು. ಪೊಟ್ಟಣದ ಮೇಲೆ ಅಚ್ಚಾದ ತೂಕವನ್ನೇ ಮುಳ್ಳು ತಪ್ಪದೆ ತೋರಿಸಿತು.

"ನನ್ನ ಮೇಲೇ ಅನುಮಾನಾನಾ?" ಎನ್ನುತ್ತ ಆಟದ ಮೇಷ್ಟ್ರು ಬಂದರು. ಕೊರಳಲ್ಲಿ ಸೀಟಿ, ಅಂಗಿಯ ಗುಂಡಿಗಳನ್ನು ಎಳೆದು ನಿಂತ ಹೊಟ್ಟೆ. "ಶೂ ಬಿಚ್ಚಿಸಿ, ಜೇಬು ಖಾಲಿ ಮಾಡಿಸಿ ನಿಲ್ಲಿಸಿದ್ದೀನಿ. ಆಮೇಲೆ ಯಂತ್ರಾನ ಯಾರೂ ಮುಟ್ಟಿಲ್ಲ."

"ಕ್ಯಾಂಟೀನ್ ರೂಮು ಖಾಲಿಯಾದ್ರೆ ನಿಮ್ಮ ಚೆಂಡು, ಬಲೆ ಇಡೋಕೆ ಜಾಗ ಆಗುತ್ತೆ ಅಂತ ಕೇಳಿದೆ?"

ಮೇಷ್ಟ್ರ ಮುಖ ಕೆಂಪಾಯಿತು. "ಜಾಗ ಕೇಳಿದ್ದು ಹೌದು. ಅದಕ್ಕೋಸ್ಕರ ಸುಳ್ಳು ತೂಕ ಬರೆಯೋನಲ್ಲ ನಾನು."

"ಗೊತ್ತು. ಯಂತ್ರಾನೂ ಅದನ್ನೇ ಹೇಳ್ತು. ತೂಕ ಏರಿದ ಮಕ್ಕಳಿಗೆ ನೀವು ಏನು ಮಾಡಿಸ್ತೀರಿ?"

"ಬೆಳಗ್ಗೆ ಬೇರೆಯವರು ಚೆಂಡಾಡ್ತಿರೋವಾಗ ಮೈದಾನ ಸುತ್ತಿಸ್ತೀನಿ, ತೂಕ ಇಳಿಯೋವರೆಗೂ. ಹೋದ ಸಲ ಗುಂಡು ಒಬ್ಬನೇ ಇದ್ದ, ನಮ್ಮ ಗೂಡ್ಸು ಗಾಡಿ. ಈಗ ಇಡೀ ರೈಲೇ ಆಯ್ತು ನೋಡಿ!" ಮೇಷ್ಟ್ರು ತಮ್ಮ ಜೋಕಿಗೆ ತಾವೇ ನಕ್ಕರು.

ಮೊಗಸಾಲೆಗೆ ಬಂದು ಡಾಕ್ಟರಮ್ಮ ಕೇಳಿದರು. "ಮೌನಿ, ಪರೀಕ್ಷೆ ದಿನ ನಾನು ಬಾಯೊಳಗೆ ನೋಡ್ತಾ ಇದ್ದೆ. ನೀನು ಬಾಯೊಂದು ಬಿಟ್ಟು ಉಳಿದಿದ್ದೆಲ್ಲ ನೋಡಿರ್ತೀಯ. ಏನು ಕಂಡಿತು, ಹಾಗೇ ಹೇಳ್ತಾ ಹೋಗು."

ಮೌನಿ ಚೀಲದ ಹಿಡಿ ತಿರುವುತ್ತ ನೆನಪಿಸಿಕೊಂಡಳು. "ತೂಕ ಹಾಕಿಸ್ಕೊಂಡು ಬಂದ ಮಕ್ಕಳು ಕುರ್ಚಿ ಮೇಲೆ ನೆಟ್ಟಗೆ ಕೂರ್ತಿರಲಿಲ್ಲ. ಕಾಲು ಕಾಲು ಉಜ್ಜೋರು. ಭಯ ಅಂದ್ಕೊಂಡೆ. ಬಾಯಿ ಮುಕ್ಕಳಿಸೋಕೆ ಲೋಟ ಕೊಟ್ರೆ ಒಬ್ಬ ಹುಡುಗ 'ಅಯ್ಯೋ, ಮತ್ತೆ ನೀರಾ!' ಅಂದ. ಆ ಕಡ್ಡಿ ಅಂತಾರಲ್ಲ, ಸಣಕಲು ಹುಡುಗಿ, ಅವಳು ನಿಮ್ಮ ಕೈ ತೆಗೆದದ್ದೇ ಕಕ್ಕಸಿನ ಕಡೆ ಓಡಿದಳು. ಅಲ್ಲಿ ದೊಡ್ಡ ಸಾಲಿತ್ತು."

"ಗುಂಡು?"

"ಅವನು ಬುದ್ಧನ ಹಾಗೆ ಕೂತಿದ್ದ."

ಡಾಕ್ಟರಮ್ಮ ಗಹಗಹಿಸಿ ನಕ್ಕರು. ಆಮೇಲೆ ಜವಾನನನ್ನು ಕರೆದು, ಆ ದಿನ ಕುಡಿಯುವ ನೀರಿನ ಟ್ಯಾಂಕು ಹೇಗಿತ್ತೆಂದು ಕೇಳಿದರು.

"ಅದೊಂದು ಕೇಳ್ಬೇಡಿ ತಾಯಿ! ಬೆಳಗ್ಗೆ ತುಂಬಿಸಿದ್ದೆ, ಊಟದ ಗಂಟೆ ಹೊಡೆಯೋ ಮೊದಲೇ ತಳ ಕಂಡಿತ್ತು. ಸೋರ್ತಿದೆಯಾ ಅಂತ ಸುತ್ತ ಹುಡುಕಿ ನನ್ನ ಸೊಂಟ ಬಿದ್ದುಹೋಯ್ತು."

ಸ್ವಲ್ಪ ಹೊತ್ತಿನಲ್ಲಿ ಎಲ್ಲರೂ ಸಭಾಂಗಣದಲ್ಲಿ ಸೇರಿದ್ದರು. ಮಕ್ಕಳು ನೆಲದ ಮೇಲೆ, ಹೆಡ್‌ಮೇಡಂ ಮತ್ತು ಮೇಷ್ಟ್ರು ಕುರ್ಚಿಯಲ್ಲಿ, ಅಕ್ಕ ಬಾಗಿಲ ಬಳಿ. ಗುಂಡು ಕೊನೆಯ ಸಾಲಿನಲ್ಲಿ ತನ್ನ ಮಂಡಿಗಳನ್ನು ತಬ್ಬಿ ಕುಳಿತಿದ್ದ. ಡಾಕ್ಟರಮ್ಮನ ಮಾತಿನಂತೆ ಮೇಷ್ಟ್ರು ಒಂದಷ್ಟು ಮಕ್ಕಳನ್ನು ಮತ್ತೆ ಯಂತ್ರದ ಮೇಲೆ ನಿಲ್ಲಿಸಿದರು. ನಿಲ್ಲಿಸಿದವರೆಲ್ಲರ ತೂಕವೂ ಇಳಿದಿತ್ತು. ಮೇಷ್ಟ್ರು ಯಂತ್ರವನ್ನು ಬಗ್ಗಿ ನೋಡಿದರು, ಮಕ್ಕಳನ್ನು ನೋಡಿದರು, ಮತ್ತೆ ಯಂತ್ರವನ್ನು ನೋಡಿದರು.

"ಇದೇನು, ನಾಲ್ಕು ದಿನದಲ್ಲಿ ಕರಗಿಹೋದ್ರಾ?" ಎಂದರು ಹೆಡ್‌ಮೇಡಂ.

"ಕರಗೋಕೆ ಏರಿದ್ದೇ ಕೊಬ್ಬಲ್ಲ, ಮೇಡಂ," ಎಂದು ಡಾಕ್ಟರಮ್ಮ ಎದ್ದು ನಿಂತರು. "ಮೊದಲನೇ ಸಾಕ್ಷಿ ಹಲ್ಲು. ಸಿಹಿ ತಿಂದ ಮಗುವಿನ ಮೇಲೆ ಮೊದಲು ಚಾಡಿ ಹೇಳೋದೇ ಅದು. ಒಸಡಿನ ಅಂಚಿಗೆ ಬಿಳಿ ಕಲೆ ಬರುತ್ತೆ, ಆಮೇಲೆ ತೂತು. ಈ ತರಗತೀಲಿ ಹೊಸ ಕಲೆ ಕಾಣಲೇ ಇಲ್ಲ. ಅಂದ ಮೇಲೆ ಅಕ್ಕನ ಬನ್ನಿನ ಮೇಲೆ ಅನುಮಾನ ಯಾಕೆ? ಎರಡನೇದು ಗುಂಡು. ಅಲ್ಲಿ ಎಲ್ಲರಿಗಿಂತ ಹೆಚ್ಚು ತಿನ್ನೋ ಹುಡುಗನ ತೂಕವೇ ಏರಿಲ್ಲ!"

ಬಾಗಿಲ ಬಳಿ ಅಕ್ಕ ಮೂಗು ಒರೆಸಿಕೊಂಡಳು.

"ಹಾಗಾದ್ರೆ ಯಂತ್ರ ಕೆಟ್ಟಿತ್ತಾ? ಪರೀಕ್ಷೆ ಮಾಡಿದೆ, ಸರಿಯಾಗಿದೆ. ಕೆಟ್ಟಿದ್ರೆ ಗುಂಡುವಿಗೂ ತಪ್ಪೇ ತೋರಿಸಬೇಕಿತ್ತು. ಜೇಬಲ್ಲೂ ಏನಿರಲಿಲ್ಲ. ಅಂದ್ರೆ ಭಾರ ನಿಜವಾಗಿಯೂ ಮಕ್ಕಳ ಮೈಯೊಳಗೇ ಇತ್ತು. ಬೆಳಗ್ಗೆ ಒಳಗೆ ಹೋಗಿ ಮಧ್ಯಾಹ್ನದೊಳಗೆ ಹೊರಗೆ ಬರೋವಂಥದ್ದು ಏನದು?"

ಮಕ್ಕಳ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗೆ ಬೆಂಕಿ ಹಚ್ಚಿದ ಹಾಗೆ ಹಬ್ಬಿತು.

"ನೀರು. ಕುರ್ಚಿ ಮೇಲೆ ಚಡಪಡಿಕೆ, ಕಕ್ಕಸಿನ ಮುಂದೆ ಸಾಲು, ಖಾಲಿಯಾದ ಟ್ಯಾಂಕು, ಲೋಟ ಕಂಡರೇ ಬೇಸರ. ಈಗ ಉಳಿದಿದ್ದು ಯಾಕೆ ಅನ್ನೋದು. ಈ ಶಾಲೇಲಿ ತೂಕ ಏರಿದವರಿಗೆ ಸಿಗೋದು ಒಂದೇ, ಬೆಳಗಿನ ಓಟ. ಅದು ಬೇಕು ಅಂತ ಆಸೆಪಡೋರು ಯಾರು? ಅಲ್ಲಿ ಓಡ್ತಿರೋನ ಜೊತೆ ಓಡಬೇಕು ಅನ್ನೋರು. ಅದಕ್ಕೇ ಗುಂಡುವಿಗೆ ಮಾತ್ರ ಈ ಗುಟ್ಟು ಗೊತ್ತಿರಲಿಲ್ಲ. ಕಡ್ಡೀ, ಮುಂದಿಂದು ನೀನೇ ಹೇಳ್ತೀಯಾ?"

ಸಣಕಲು ಹುಡುಗಿ ಎದ್ದು ನಿಂತಳು. "ಅವನು ಒಬ್ನೇ ಓಡ್ತಾನೆ. ಬೇರೆ ಕ್ಲಾಸಿನೋರೆಲ್ಲಾ ಕಿಟಕೀಲಿ ನಿಂತು ನಗ್ತಾರೆ. ನಾವೂ ಓಡ್ತೀವಿ ಅಂತ ಮೇಷ್ಟ್ರನ್ನ ಕೇಳಿದ್ವಿ, ತೂಕ ಏರಿದೋರಿಗೆ ಮಾತ್ರ ಅಂದ್ರು. ಅದಕ್ಕೇ ನೀರು ಕುಡೀರಿ ಅಂತ ನಾನೇ ಹೇಳಿದೆ." ಅವಳು ಬಾಗಿಲ ಕಡೆ ತಿರುಗಿದಳು. "ಅಕ್ಕಾ, ನಿಮ್ಮ ಅಂಗಡಿ ಮುಚ್ತಾರೆ ಅಂತ ಗೊತ್ತಿರಲಿಲ್ಲ. ಆಣೆಗೂ."

"ಅಯ್ಯೋ ನನ್ನ ಮುದ್ದೂ, ಹೊಟ್ಟೆ ಒಡೆದುಹೋಗಿದ್ರೆ ಏನ್ ಗತಿ!" ಎಂದಳು ಅಕ್ಕ.

"ಅದೂ ಸರಿಯೇ," ಎಂದರು ಡಾಕ್ಟರಮ್ಮ ಗಡುಸಾಗಿ. "ಅಷ್ಟೊಂದು ನೀರು ಒಟ್ಟಿಗೇ ಕುಡಿಯೋದು ಅಪಾಯ. ಇನ್ನೊಮ್ಮೆ ಮಾಡಿದ್ರೆ ಒಬ್ಬೊಬ್ಬರ ಹಲ್ಲೂ ಕೀಳ್ತೀನಿ."

ಹಿಂದಿನ ಸಾಲಿನಿಂದ ಗುಂಡುವಿನ ಧ್ವನಿ ಬಂತು. "ನಂಗೂ ಹೇಳ್ಬಹುದಿತ್ತಲ್ಲೇ."

"ಹೇಳಿದ್ರೆ ನೀನೂ ಕುಡೀತಿದ್ದೆ ಕಣೋ. ಮತ್ತೆ ತೂಕದಲ್ಲಿ ನೀನೇ ಫಸ್ಟು!" ಎಂದಳು ಕಡ್ಡಿ.

ಈ ಸಲ ಗುಂಡುವೂ ನಕ್ಕ. ನಗುತ್ತಲೇ ಅಂಗಿಯ ತೋಳಿನಲ್ಲಿ ಕಣ್ಣು ಉಜ್ಜಿಕೊಂಡದ್ದನ್ನು ಮೌನಿ ನೋಡಿದಳು.

ಹೆಡ್‌ಮೇಡಂ ಕುರ್ಚಿಯಿಂದ ಎದ್ದರು. ಅಕ್ಕನತ್ತ ತಿರುಗಿ, "ಸೋಮವಾರ ಎಂದಿನ ಹಾಗೆ ಬಾಗಿಲು ತೆಗೀರಿ. ದುಡುಕಿಬಿಟ್ಟೆ," ಎಂದರು.

"ಗುಂಡುವಿನ ತೂಕ ಇಳೀಬೇಕು, ಅದು ಸುಳ್ಳಲ್ಲ," ಎಂದರು ಡಾಕ್ಟರಮ್ಮ. "ಎರಡನೇ ಬನ್ನು ನಿಲ್ಲಿಸು ಅಕ್ಕ, ಎಷ್ಟೇ ಅಳುಮೋರೆ ಹಾಕಲಿ. ಅವನು ಓಡ್ಲಿ. ಆದ್ರೆ ಓಟ ಶಿಕ್ಷೆ ಅಲ್ವಲ್ಲ ಮೇಷ್ಟ್ರೇ? ಒಳ್ಳೇದೇ ಆದ್ರೆ ಎಲ್ಲರೂ ಓಡ್ಲಿ. ಹಾಂ, ಯಂತ್ರ ಇಲ್ಲೇ ಇದೆ. ನೀವೂ ಒಂದ್ಸಲ ಹತ್ತಿ ನೋಡ್ತೀರಾ?"

ಮೇಷ್ಟ್ರು ಸೀಟಿಯನ್ನು ಅಂಗಿಯೊಳಗೆ ಸೇರಿಸಿಕೊಂಡರು. ಯಂತ್ರದ ಹತ್ತಿರ ಹೋಗಲಿಲ್ಲ.

ಸೋಮವಾರ ಮೌನಿ ಬೇಕೆಂದೇ ಶಾಲೆಯ ಬೇಲಿಯ ದಾರಿ ಹಿಡಿದು ಕೆಲಸಕ್ಕೆ ಬಂದಳು. ಏಪ್ರನ್ ಕಟ್ಟಿಕೊಂಡು ಲೋಟಗಳನ್ನು ಜೋಡಿಸುತ್ತ, ಕೇಳದೆಯೇ ಮಾತು ತೆಗೆದಳು.

"ಕ್ಯಾಂಟೀನ್ ತೆಗೆದಿದೆ. ಮಕ್ಕಳೆಲ್ಲಾ ಓಡ್ತಿದ್ರು."

"ಗುಂಡು ಕೊನೇಲಿದ್ನಾ?"

"ಇಲ್ಲ," ಎಂದಳು ಮೌನಿ. "ಕೊನೇಲಿ ಮೇಷ್ಟ್ರಿದ್ರು."