ಬಸ್ಸಿನ ಬಾಗಿಲ ಚಿತ್ರ

"ತಳ್ತಾ ಇದಾಳೆ ಮಿಸ್, ಕಾಣ್ತಾ ಇಲ್ವಾ?" ಎಂದ ಲಾಯರ್. ಎಲ್ಲದಕ್ಕೂ ವಾದ ಹೂಡುತ್ತಾನೆಂದು ತರಗತಿಯೇ ಅವನಿಗಿಟ್ಟ ಹೆಸರದು.

ವಾರಕ್ಕೊಬ್ಬರು ಒಂದು ಚಿತ್ರ ತರಬೇಕು, ತರಗತಿಯೆಲ್ಲ ಸೇರಿ ಅದರ ಬಗ್ಗೆ ಮಾತಾಡಬೇಕು; ಈ ವಾರ ಸರದಿ ಅವನದು. ಅಣ್ಣನ ಫೋನಿಗೆ ಬಂದಿದ್ದ ಫೋಟೊವನ್ನೇ ಪ್ರಿಂಟ್ ಹಾಕಿಸಿಕೊಂಡು ಬಂದಿದ್ದ. ಬಸ್ಸಿನ ಬಾಗಿಲಲ್ಲಿ ಒಬ್ಬ ಕಂಡಕ್ಟರಮ್ಮ. ಅವಳ ಎರಡೂ ಕೈ ಒಬ್ಬ ಮುದುಕನ ಅಂಗಿಯ ಮೇಲೆ. ಮುದುಕನ ಒಂದು ಕಾಲು ಗಾಳಿಯಲ್ಲಿ. ಕೆಳಗೆ ದಪ್ಪ ಅಕ್ಷರ: 'ವೃದ್ಧನನ್ನು ಹೊರದಬ್ಬಿದ ಕಂಡಕ್ಟರ್.'

ಬಾಗಿಲ ಕಂಬಿ ಅಡ್ಡ ಬಂದು ಆಕೆಯ ಮುಖ ಮರೆಯಾಗಿತ್ತು. ಸದಾ ವಟಗುಟ್ಟುತ್ತಾಳೆಂದು ಗಿಣಿ ಎಂದು ಹೆಸರಾದ ಹುಡುಗಿಗೆ ಗುರುತು ಹಿಡಿಯಲು ಆ ಮುಖ ಬೇಕಿರಲಿಲ್ಲ. ದಿನಾ ತನಗೆ ಜಡೆ ಹಾಕುವ ಕೈಗಳ ಗುರುತು ಯಾರಿಗೆ ಸಿಗದು? ಮೊನ್ನೆ ಪಕ್ಕದ ಮನೆಯ ಆಂಟಿ ಇದೇ ಫೋಟೊ ತೋರಿಸಿದಾಗಿನಿಂದ ಅವಳು ಅಮ್ಮನ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ಜಡೆಯನ್ನೂ ತಾನೇ ಹಾಕಿಕೊಂಡಿದ್ದಳು, ಸೊಟ್ಟಗೆ.

ಮಿಸ್ ಎಲ್ಲರನ್ನೂ ದುಂಡಗೆ ಕೂರಿಸಿದ್ದರು. ಅವರದೊಂದು ಕಟ್ಟುನಿಟ್ಟು: ಏನೇ ಹೇಳಿದರೂ, ಎದ್ದು ಬಂದು, ಅದು ಚಿತ್ರದಲ್ಲಿ ಎಲ್ಲಿ ಕಂಡಿತೋ ಅಲ್ಲಿ ಬೆರಳಿಡಬೇಕು. ಆಕೆ ಕೆಟ್ಟವಳು ಎಂದವಳೊಬ್ಬಳು ಬೆರಳಿಡಲು ಜಾಗ ಸಿಗದೆ ಮರಳಿ ಕುಳಿತಳು. ಲಾಯರ್ ಮಾತ್ರ ಧೈರ್ಯವಾಗಿ ಬಂದು ದಪ್ಪ ಅಕ್ಷರದ ಮೇಲೆ ಬೆರಳಿಟ್ಟ.

ಮಿಸ್ ಆ ಅಕ್ಷರಗಳನ್ನು ಅಂಗೈಯಿಂದ ಮುಚ್ಚಿ, "ಈಗ ಹೇಳಪ್ಪ" ಎಂದರು.

ಲಾಯರ್ ಬೆರಳನ್ನು ಆಕೆಯ ಕೈಗಳತ್ತ ಸರಿಸಿದ.

ಆಗ ಕನ್ನಡಕದ ಹುಡುಗಿಯೊಬ್ಬಳು ಎದ್ದು ಬಂದು ಕಂಡಕ್ಟರಮ್ಮನ ಕಾಲು ತೋರಿಸಿದಳು. ಮೈಯೆಲ್ಲ ಹಿಂದಕ್ಕೆ ವಾಲಿದೆ, ಭಾರವೆಲ್ಲ ಹಿಮ್ಮಡಿಯ ಮೇಲಿದೆ, ತಳ್ಳುವವರು ಹೀಗೆ ನಿಲ್ಲುತ್ತಾರಾ ಎಂದು ಕೇಳಿದಳು. ಲಾಯರ್ ಸುಲಭಕ್ಕೆ ಒಪ್ಪುವವನೇ? ಮಾಡಿಯೇ ನೋಡೋಣ ಎಂದ. ತರಗತಿಯ ಹೊಸ್ತಿಲಲ್ಲಿ ಅವನನ್ನು ನಿಲ್ಲಿಸಿದರು. ಗೆಳೆಯನನ್ನು ತಳ್ಳುವಾಗ ಅವನ ಮೈ ಮುಂದಕ್ಕೆ ಬಾಗಿತು. ಎಳೆಯುವಾಗ ಹಿಂದಕ್ಕೆ ವಾಲಿ, ಇಬ್ಬರೂ ದೊಪ್ಪನೆ ಒಳಗೆ ಬಿದ್ದರು. ತರಗತಿಯೆಲ್ಲ ನಗು.

ಲಾಯರ್ ಚಡ್ಡಿ ಕೊಡವಿಕೊಂಡ. "ಎಳೀತಾ ಇರಬಹುದು, ಒಪ್ದೆ. ಆದ್ರೂ ಗ್ಯಾರಂಟಿ ಏನು? ಅಲ್ಲಿದ್ದೋರನ್ನೇ ಕೇಳ್ಬೇಕು."

ಗಿಣಿ ಎದ್ದು ಬಂದು ಚಿತ್ರದ ಆ ಕೈಗಳ ಮೇಲೆ ಬೆರಳಿಟ್ಟಳು. ಅಲ್ಲಿದ್ದವರು ದಿನಾ ರಾತ್ರಿ ಅವಳ ಪಕ್ಕದಲ್ಲೇ ಊಟಕ್ಕೆ ಕೂರುತ್ತಿದ್ದರು.

"ಅದು ನಮ್ಮಮ್ಮ" ಎಂದಳು.

ಲಾಯರ್‌ನ ಕಿವಿ ಕೆಂಪಾಯಿತು. ಮೆಲ್ಲಗೆ ಕೇಳಿದ, "ಅಮ್ಮ ಏನಂದ್ರು?"

"ನಾನು ಕೇಳೇ ಇಲ್ಲ ಕಣೋ."

ಸಂಜೆ ಅಮ್ಮ ಬಂದು ಟಿಕೆಟ್ ಚೀಲವನ್ನು ಮೊಳೆಗೆ ನೇತುಹಾಕಿದಳು. ಗಿಣಿ ನೀರು ತಂದುಕೊಟ್ಟು ಅಲ್ಲೇ ನಿಂತಳು.

"ಅಮ್ಮಾ, ಆ ತಾತ ಬಿದ್ರಾ?"

ಅಮ್ಮನ ಲೋಟ ತುಟಿಯ ಹತ್ತಿರವೇ ನಿಂತಿತು. "ಇಲ್ಲ ಪುಟ್ಟಾ. ಅವರಿನ್ನೂ ಹತ್ತುತ್ತಾ ಇದ್ರು, ಬಸ್ಸು ಹೊರಟೇಬಿಡ್ತು. ಹಿಡಿದು ಒಳಕ್ಕೆ ಎಳ್ಕೊಂಡೆ."

ಕೈ ತೊಳೆಯಲೆಂದು ಅಮ್ಮ ತೋಳು ಮಡಿಚಿದಳು. ಮೊಣಕೈ ಮೇಲೆ, ಕಂಬಿ ಬಡಿದ ಕಡೆ, ಅಂಗೈಯಗಲ ನೀಲಿಗಟ್ಟಿತ್ತು.

ಒಂದೇ ಮನೆಯಲ್ಲಿದ್ದೂ ಗಿಣಿ ಅದನ್ನು ಈಗಷ್ಟೇ ನೋಡುತ್ತಿದ್ದಳು.